ದೋಣಿಯ ನಿಯಮಕ್ಕೆ ಊರೆಲ್ಲ ತಕರಾರು

ಹರಿಹರದ ಸೇತುವೆ

ನಾನು ಪರದೇಶಕ್ಕೆ ಹೋಗಿ ಬಂದೆ ಎಂದರೆ ಹಾಸನದ ನಮ್ಮ ಶಾಲೆಯ ಮೇಷ್ಟರುಗಳು ನಗುತ್ತಾರೆ. ಸಮುದ್ರ ದಾಟಲಿಲ್ಲ, ಹಡಗು ಹತ್ತಲಿಲ್ಲ, ಇದ್ಯಾವ ಪರದೇಶ ಎನ್ನುತ್ತಾರೆ. ನಗಲಿ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ನಮ್ಮ ಮಹಾರಾಜರ ಸೀಮೆ ಮುಗಿಯಿತು. ಆಚೆಯದು ಮುಂಬಯಿ ಸರಕಾರ. ಅಮಲ್ದಾರರು ಅಲ್ಲಿ ಮಾಮ್ಲೇದಾರರಾಗುತ್ತಾರೆ, ಶಾನುಭೋಗರು ಕುಲಕರ್ಣಿಯಾಗುತ್ತಾರೆ, ಮೇಷ್ಟರು ಮಾಸ್ತರರಾಗುತ್ತಾರೆ, ಕಾಫಿ ಮಾಯವಾಗಿ ಅದರ ಜಾಗದಲ್ಲಿ ಚಹಾ ಬಂದು ಕೂರುತ್ತದೆ. ಕಾಫಿ ಸಿಗದ ಊರನ್ನು ಪರದೇಶ ಎನ್ನದೆ ಮತ್ತೇನು ಎನ್ನಲಿ?

ಹೋದ ಕಾರಣ ನನ್ನ ತಂಗಿ ಪದ್ಮಾವತಿ. ಅವಳನ್ನು ಖಾನಾಪುರ ತಾಲೂಕಿನ ಒಂದು ಜೈನರ ಮನೆಗೆ ಕೊಟ್ಟಿದ್ದೇವೆ. ಅಷ್ಟು ದೂರ ಯಾಕೆ ಕೊಟ್ಟಿರಿ ಎಂದು ಕೇಳುವವರಿಗೆ ನಮ್ಮ ತಾಯಿಯ ಬಳಿ ಉದ್ದದ ಉತ್ತರ ಇದೆ, ಇಲ್ಲಿ ಬೇಡ. ಮೊದಲ ಹೆರಿಗೆ ಹಾಸನದಲ್ಲೇ ಆಯಿತು. ತುಂಬ ಕಷ್ಟವಾಯಿತು. ಸೂಲಗಿತ್ತಿ ಬರುವುದು ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂಬಂತಾಗುತ್ತಿತ್ತು. ಈಗ ಎರಡನೆಯದು, ಏಳನೆಯ ತಿಂಗಳು, ಹೆರಿಗೆ ಗಂಡನ ಮನೆಯಲ್ಲಿ. ನಮ್ಮ ತಾಯಿಗೆ ಮಂಡಿನೋವು, ಅಷ್ಟು ದೂರದ ರೈಲು ಆಗದು. ಆದ್ದರಿಂದ ಒಂದು ಡಬ್ಬಿ ಅಂಟಿನುಂಡೆ, ಒಂದು ಗಂಟು ಕಾಫಿಪುಡಿ, ಒಂದು ಸೀರೆ ಹೊರಿಸಿ ನನ್ನನ್ನು ಅಟ್ಟಿದರು. ಬೀಗರ ಊರಿಗೆ ಹಗುರವಾಗಿ ಹೋಗಬಾರದೆಂದು ನಮ್ಮ ತಂದೆಯ ಜರಿ ಪೇಟವನ್ನೂ ತಲೆಗೆ ಏರಿಸಿದರು. ಆ ಪೇಟದಿಂದ ನನಗೆ ಆದ ಫಜೀತಿಯನ್ನು ಮುಂದೆ ಹೇಳುತ್ತೇನೆ.

ರೈಲಿನಲ್ಲಿ ರಾಣೆಬೆನ್ನೂರಿನ ಒಬ್ಬ ವ್ಯಾಪಾರಸ್ಥರು ಬುತ್ತಿ ಬಿಚ್ಚಿ, ನನಗೂ ಒಂದು ಜೋಳದ ರೊಟ್ಟಿ, ಅದರ ಮೇಲೆ ಕೆಂಪಗೆ ಒಂದು ಹಿಡಿ ಪುಡಿ ಕೊಟ್ಟರು. ನಾನು ನಮ್ಮ ಕಡೆಯ ಹುರಿಗಡಲೆ ಪುಡಿಯಂತೆ ಅಂದುಕೊಂಡು ಹಿಡಿಯನ್ನೇ ಬಾಯಿಗೆ ಹಾಕಿದೆ. ಹುಬ್ಬಳ್ಳಿ ಬರುವವರೆಗೆ ಕಣ್ಣೀರು ನಿಲ್ಲಲಿಲ್ಲ. ಆ ಪುಣ್ಯಾತ್ಮರು ತಂಗಿಯ ಮನೆಗೆ ಹೋಗುವವ ಹೀಗೆ ಅಳಬಾರದೆಂದು ನನಗೇ ಸಮಾಧಾನ ಹೇಳಿದರು.

ಬೆಳಗಾವಿ

ತಂಗಿಯ ಗಂಡ ತವನಪ್ಪ ಬೆಳಗಾವಿಯಲ್ಲಿ ಒಬ್ಬ ವಕೀಲರ ಹತ್ತಿರ ಕಾರಕೂನ, ಅಂದರೆ ಗುಮಾಸ್ತ. ವಾರವೆಲ್ಲ ಅನಗೋಳದಲ್ಲಿ ಒಂದು ಬಾಡಿಗೆ ಕೋಣೆ, ರಜೆ ಸಿಕ್ಕಿದಾಗ ಊರು. ತಂಗಿ ಅತ್ತೆ ಮಾವಂದಿರ ಜೊತೆ ಊರಿನಲ್ಲೇ ಇರುತ್ತಾಳೆ. ಹೀಗಾಗಿ ನಾನು ಮೊದಲು ಬೆಳಗಾವಿಯಲ್ಲಿ ಇಳಿದೆ.

ಅನಗೋಳದ ಆ ಮನೆಯ ಮಾಲೀಕ ಹೆಂಡತಿಯ ಜೊತೆ ಮರಾಠಿ ಆಡುತ್ತಾನೆ, ನೆರೆಯವರ ಜೊತೆ ಕನ್ನಡ ಆಡುತ್ತಾನೆ, ಎಮ್ಮೆಯನ್ನು ಮಾತ್ರ ಎರಡೂ ಭಾಷೆಯಲ್ಲಿ ಬಯ್ಯುತ್ತಾನೆ. ನಾನು ಮಾತಾಡಿದಾಗ ಅವನ ಮಕ್ಕಳು ಬಾಗಿಲಲ್ಲಿ ಗುಂಪಾಗಿ ನಿಂತು ಕೇಳಿದವು. ನನ್ನ ಕನ್ನಡ ಅವಕ್ಕೆ ಪುಸ್ತಕ ಓದಿದಂತೆ ಕೇಳಿಸುತ್ತದೆಯಂತೆ. ಕನ್ನಡ ಮೇಷ್ಟರಾಗಿ ಇಷ್ಟು ವರ್ಷ ದುಡಿದರೂ ನಮ್ಮ ಶಾಲೆಯ ಹುಡುಗರು ಒಂದು ದಿನವೂ ಹೀಗೆ ಬಾಯಿ ಬಿಟ್ಟು ಕೇಳಿದ್ದಿಲ್ಲ.

ಬೆಳಿಗ್ಗೆ ತವನಪ್ಪ ನನ್ನನ್ನು ಕೋಟೆಯೊಳಗಿನ ಬಸದಿಗೆ ಕರೆದುಕೊಂಡು ಹೋದ. ದಾರಿಯಲ್ಲಿ ಒಬ್ಬ ಸಿಪಾಯಿ ನನ್ನ ಪೇಟ ನೋಡಿ ಸಲಾಮು ಹೊಡೆದ. ನಾನೂ ಗಂಭೀರವಾಗಿ ತಲೆಯಾಡಿಸಿದೆ. ಬಸದಿಯ ನೆತ್ತಿಯಲ್ಲಿ ಕಲ್ಲಿನ ಕಮಲವೊಂದು ತಲೆಕೆಳಗಾಗಿ ತೂಗುತ್ತದೆ. ಶ್ರವಣಬೆಳಗೊಳದ ಕಡೆಯವರಾದ ನಮಗೆ ಕಲ್ಲಿನ ವಿಷಯದಲ್ಲಿ ಸ್ವಲ್ಪ ಸೊಕ್ಕು. ಆದರೆ ಆ ಕಮಲದ ಕೆಳಗೆ ಕತ್ತೆತ್ತಿ ನಿಂತಾಗ ಬಾಯಿ ಮುಚ್ಚಿಕೊಳ್ಳುವುದೇ ಮರ್ಯಾದೆ ಎನಿಸಿತು. ಕತ್ತು ಎತ್ತಿದ್ದಕ್ಕೆ ಪೇಟ ಹಿಂದಕ್ಕೆ ಬಿತ್ತು, ಅದು ಬೇರೆ.

ಅಲ್ಲಿಂದ ಕಚೇರಿಯ ಕಡೆ ಬಂದೆವು. ಗೋಡೆಯ ಹಲಗೆಯ ಮೇಲೆ ಕಾಗದಗಳು. ಅವುಗಳಲ್ಲಿ ಒಂದನ್ನು ತವನಪ್ಪ ತೋರಿಸಿದ. ಮಲಪ್ರಭಾ ಹೊಳೆಯ ದೋಣಿಗಳ ವಿಷಯ ಅದು. ಹಿಂದಿನ ಮಳೆಗಾಲದಲ್ಲಿ ಎಲ್ಲಿಯೋ ಕತ್ತಲಲ್ಲಿ ಒಂದು ದೋಣಿ ಮಗುಚಿತಂತೆ. ಆದ್ದರಿಂದ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಯಾವ ದೋಣಿಯೂ ನಡೆಯತಕ್ಕದ್ದಲ್ಲ ಎಂದು ಸರಕಾರ ಒಂದು ನಿಯಮ ಮಾಡಲು ಯೋಚಿಸಿದೆ. ದೀಪಾವಳಿಯಿಂದ ಜಾರಿಗೆ ಬರಬೇಕು. ಇದು ಸದ್ಯಕ್ಕೆ ಕರಡು ಮಾತ್ರ. ಯಾರದಾದರೂ ತಕರಾರು ಇದ್ದರೆ ತಿಂಗಳ ಕೊನೆಯೊಳಗೆ ತಮ್ಮ ಮಾಮ್ಲೇದಾರರಿಗೆ ಬರೆದು ಕೊಡಬೇಕು, ಆಮೇಲೆ ಬಂದದ್ದನ್ನು ನೋಡುವುದಿಲ್ಲ.

ನಿಯಮ ಮಾಡುವ ಮೊದಲು ಜನರನ್ನು ಕೇಳುವ ಸರಕಾರವನ್ನು ನಾನು ಕಂಡಿರಲಿಲ್ಲ. ಆದರೂ ಸೋಲಬಾರದೆಂದು ನಮ್ಮ ಮೈಸೂರನ್ನು ಹೊಗಳಿದೆ. ದಸರೆಯ ಹೊತ್ತಿಗೆ ಊರೂರಿನ ಪ್ರತಿನಿಧಿಗಳು ಸೇರಿ ದಿವಾನರ ಮುಂದೆಯೇ ಅಹವಾಲು ಹೇಳುತ್ತಾರೆ ಎಂದೆ. ತವನಪ್ಪ ಒಪ್ಪಲಿಲ್ಲ. ನಿಮ್ಮಲ್ಲಿ ಜನ ಸರಕಾರವನ್ನು ಹುಡುಕಿಕೊಂಡು ಹೋಗಬೇಕು, ನಮ್ಮಲ್ಲಿ ಸರಕಾರದ ಕಾಗದವೇ ನಮ್ಮ ಚಾವಡಿಗೆ ಬರುತ್ತದೆ ಎಂದ. ಬಂದ ಮೇಲೆ ಏನಾಗುತ್ತದೆ ಎಂದು ಕೇಳಿದೆ. ಗೋಡೆಯ ಮೇಲೆ ಇರುತ್ತದೆ ಎಂದ.

ಹೀಗೆ ನಗುತ್ತಿದ್ದವನು ಕಾಗದವನ್ನು ಇನ್ನೊಮ್ಮೆ ಓದಿ ನಗು ನಿಲ್ಲಿಸಿದ. ಅವರ ಊರು ಹೊಳೆಯ ಆಚೆಗೆ. ಅಲ್ಲಿ ಒಂದು ಮಡು ಇರುವುದರಿಂದ ಯುಗಾದಿಯವರೆಗೂ ದೋಣಿ ಬೇಕು. ಸುತ್ತಿನ ಹಳ್ಳಿಗಳಿಗೆಲ್ಲ ಇರುವವಳು ಒಬ್ಬಳೇ ಸೂಲಗಿತ್ತಿ, ನೀಲವ್ವ. ಅವಳ ಮನೆ ಹೊಳೆಯ ಈಚೆಗೆ. ಪದ್ಮಾವತಿಯ ದಿನಗಳು ತುಂಬುವುದು ದೀಪಾವಳಿ ಕಳೆದ ಮೇಲೆ.

"ಭಾವಾರ, ಕೂಸು ಹಗಲ ಹುಟ್ಟತೈತೋ ರಾತ್ರಿ ಹುಟ್ಟತೈತೋ ಯಾರಿಗೆ ಗೊತ್ತು?" ಎಂದ.

ಹಾಸನದ ಆ ಹೆರಿಗೆ ನಮ್ಮಿಬ್ಬರಿಗೂ ನೆನಪಿತ್ತು. ಅವನು ಅಂದು ನಮ್ಮ ಜಗಲಿಯಲ್ಲಿ ಕೂತು ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ನನಗೆ ಭಯವಾಯಿತು, ಅದನ್ನು ಹೇಳಿಬಿಟ್ಟೆ. ಹಾಗಾದರೆ ನೀವೇ ತಕರಾರು ಕೊಡಿ ಎಂದೆ. ಬೆಳಗಾವಿಯಲ್ಲಿ ಇರುವ ಕಾರಕೂನನಿಗೆ ಹೊಳೆಯ ದೋಣಿ ಯಾಕೆ ಎಂದು ಕಚೇರಿಯಲ್ಲಿ ಕೇಳುತ್ತಾರೆ, ದಿನಾ ದಾಟುವ ನೀಲವ್ವನೇ ಕೊಟ್ಟರೆ ಅದಕ್ಕೊಂದು ಬೆಲೆ ಎಂದ. ಅವನ ತಂದೆಯಿಂದ ಕೊಡಿಸೋಣವೆಂದರೆ ಅವರಿಗೆ ಈ ನಿಯಮ ಬಹಳ ಮೆಚ್ಚಿಗೆಯಾಗುವಂಥದು. ಅದೇ ಮಧ್ಯಾಹ್ನ ರಜೆ ಹಾಕಿ ನನ್ನ ಜೊತೆ ಹೊರಟ.

ಹೊಳೆಯ ದಂಡೆ

ಖಾನಾಪುರದವರೆಗೆ ರೈಲು, ಅಲ್ಲಿಂದ ಚಕ್ಕಡಿ. ದಾರಿಯಲ್ಲಿ ಗಡಿಗೆ ತುಂಬಿದ ಬಂಡಿಗಳು ಎದುರಾದವು. ಹುಲ್ಲಿನ ನಡುವೆ ಗಡಿಗೆಗಳನ್ನು ಮಕ್ಕಳಂತೆ ಮಲಗಿಸಿದ್ದರು. ಆ ಬಂಡಿಗಳಿಗೆ ದಾರಿ ಬಿಡಲು ಹೋಗಿ ನಮ್ಮ ಚಕ್ಕಡಿ ಕೆಸರಲ್ಲಿ ಸಿಕ್ಕಿಕೊಂಡಿತು. ನಾನು ಇಳಿದು ಹಿಂದಿನಿಂದ ತಳ್ಳಿದೆ. ಚಕ್ಕಡಿ ಮುಂದೆ ಹೋಯಿತು, ನಾನು ಇದ್ದಲ್ಲೇ ಕೂತೆ. ಪಂಚೆ ಹಾಳಾಯಿತು, ಪೇಟಕ್ಕೆ ಒಂದು ಹನಿಯೂ ತಾಗಲಿಲ್ಲ.

ಬೀಗರ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅವರು ಮುನಿಸಿಕೊಳ್ಳುತ್ತಾರೆ. ಯಾಕೆಂದು ಓದುಗರಿಗೆ ಈಗ ತಿಳಿಯುತ್ತದೆ.

ನಾವು ಹೊಳೆ ಮುಟ್ಟುವ ಹೊತ್ತಿಗೆ ಆಚೆಯಿಂದ ದೋಣಿ ಬಂತು. ತುಂಬ ಜನ. ಎಲ್ಲರೂ ತೊಳೆದ ಅಂಗಿ, ರುಮಾಲು, ಹೆಗಲ ಮೇಲೆ ಕಂಬಳಿ. ಯಾರದೋ ಮದುವೆಯ ದಿಬ್ಬಣ ಎಂದುಕೊಂಡೆ. ಅವರು ಇಳಿದವರೇ ನನ್ನ ಪೇಟ ನೋಡಿ ನಿಂತರು. ತಮ್ಮತಮ್ಮಲ್ಲಿ ಏನೋ ಅಂದುಕೊಂಡರು. ಆಮೇಲೆ ಒಬ್ಬ ಮುದುಕ ಮುಂದೆ ಬಂದು ಮಡಿಸಿದ ಒಂದು ಕಾಗದವನ್ನು ನನ್ನ ಕೈಗಿಟ್ಟು ಕಾಲು ಮುಟ್ಟಿದ.

"ನಮ್ಮದು ತಕರಾರ ಐತ್ರಿ ಸಾಹೇಬ್ರ. ತಗೋರ್ರಿ, ದಂಡ ಹಾಕಬ್ಯಾಡ್ರಿ."

ಏನು ತಕರಾರು ಎಂದು ಕೇಳಿದೆ.

"ಅದು ನನಗ ಗೊತ್ತಿಲ್ರಿ. ಆದ್ರ ಐತ್ರಿ."

ಅವನ ಹಿಂದಿದ್ದವರೂ ಒಬ್ಬೊಬ್ಬರಾಗಿ ಕಾಗದ ಕೊಟ್ಟರು. ನಾನು ಸಾಹೇಬನಲ್ಲ, ಹಾಸನದ ಮೇಷ್ಟರು ಎಂದು ಹೇಳಿದಷ್ಟೂ ಅವರಿಗೆ ನಾನು ದೊಡ್ಡ ಸಾಹೇಬನೇ ಎಂದು ಖಾತ್ರಿಯಾಯಿತು. ಪುಸ್ತಕದ ಕನ್ನಡ ಆಡುವವನು ಸರಕಾರದವನಲ್ಲದೆ ಮತ್ತಾರು? ನನ್ನ ಎರಡು ಕೈಯೂ ತುಂಬಿದವು. ಕಾಗದಗಳನ್ನು ತೆರೆದು ನೋಡಿದರೆ ಎಲ್ಲದರಲ್ಲೂ ಒಂದೇ ಅಕ್ಷರ, ಒಂದೇ ಸಾಲು: ದೋಣಿಯ ನಿಯಮಕ್ಕೆ ನನ್ನ ತಕರಾರು ಇರುತ್ತದೆ. ಯಾಕೆಂದು ಒಂದರಲ್ಲೂ ಇಲ್ಲ.

ಇದರ ಗುಟ್ಟನ್ನು ತವನಪ್ಪ ಬಿಡಿಸಿದ. ಊರಿನ ತಳವಾರ ಯಲ್ಲಪ್ಪನೂ ಆ ಗುಂಪಿನಲ್ಲಿ ಕಾಗದ ಹಿಡಿದು ನಿಂತಿದ್ದ. ಊರಲ್ಲಿ ಡಂಗುರ ಸಾರುವವನು ಅವನೇ. ಚಾವಡಿಗೆ ಕಾಗದ ಬಂದ ಮೇಲೆ ಕುಲಕರ್ಣಿ ಅವನಿಗೆ ಓದಿ ಹೇಳಿದ. ಯಲ್ಲಪ್ಪ ಹಲಗೆ ಬಾರಿಸುತ್ತ ಹೊಳೆಯ ಎರಡೂ ದಂಡೆಯ ಹಳ್ಳಿಗಳಲ್ಲಿ ಓಣಿ ಓಣಿಗೆ ಸಾರಿದ. ಹೊತ್ತು ಮುಳುಗಿದ ಮೇಲೆ ದೋಣಿ ಇಲ್ಲ, ತಕರಾರು ಇದ್ದವರು ತಿಂಗಳ ಕೊನೆಯೊಳಗೆ ಖಾನಾಪುರಕ್ಕೆ ಹೋಗಿ ಕೊಡಬೇಕು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಆ ಕಡೆ ಡಂಗುರಕ್ಕೆ ಒಂದು ಕೊನೆಯ ಮಾತು ಇರುತ್ತದೆ. ಕಂದಾಯ ಕಟ್ಟಿರಿ ಎಂದಾಗಲಿ, ದನ ಬಿಡಬೇಡಿರಿ ಎಂದಾಗಲಿ, ಸಿಡುಬಿಗೆ ದೇವಿ ಹಾಕಿಸಿಕೊಳ್ಳಿರಿ ಎಂದಾಗಲಿ, ಏನೇ ಸಾರಿದರೂ ಕಡೆಯಲ್ಲಿ ತಪ್ಪಿದವರಿಗೆ ದಂಡ ಎಂದು ಕೂಗಿ, ಹಲಗೆಗೆ ಮೂರು ಪೆಟ್ಟು ಹಾಕಿ ಮುಗಿಸುವುದು. ಯಲ್ಲಪ್ಪ ಈ ಸಲವೂ ಹಾಗೇ ಮುಗಿಸಿದ. ತಕರಾರು ಕೊಡುವುದನ್ನು ತಪ್ಪಿಸಿದವರಿಗೆ ದಂಡ ಎಂದು ಊರು ತಿಳಿದುಕೊಂಡಿತು. ಸರಕಾರಕ್ಕೆ ಹೇಗೂ ಏನಾದರೂ ಕೊಡುತ್ತಲೇ ಇರಬೇಕು, ಈ ಸಲ ತಕರಾರು ಕೇಳಿದೆ, ಕೊಟ್ಟು ಬಿಡೋಣ ಎಂದು ಶಾಲೆಯ ಮಾಸ್ತರನಿಂದ ಬರೆಸಿಕೊಂಡು ಹೊರಟಿದ್ದರು. ಹಿಂದಿನ ದಿನವೇ ಒಂದು ತಂಡ ಖಾನಾಪುರಕ್ಕೆ ಹೋಗಿ ಕೊಟ್ಟು ಬಂದಿತ್ತು.

ಹಾಗೆ ಯಾಕೆ ಸಾರಿದೆ ಎಂದು ತವನಪ್ಪ ಗದರಿದ. ಯಲ್ಲಪ್ಪನಿಗೆ ಬೇಸರವಾಯಿತು. "ನಮ್ಮಪ್ಪನ ಕಾಲದಿಂದ ಹಿಂಗ ಮುಗಸ್ತೀವ್ರಿ ಧಣ್ಯಾರ. ದಂಡ ಅನ್ನಲಿಲ್ಲಂದ್ರ ಅದು ಡಂಗುರ ಹೆಂಗ ಆಗತೈತಿ?"

ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ತವನಪ್ಪ ನಗಲಿಲ್ಲ. ಸುಳ್ಳು ತಕರಾರುಗಳ ರಾಶಿಯಲ್ಲಿ ನೀಲವ್ವನ ಖರೇ ತಕರಾರು ಬಿದ್ದರೆ ಅದನ್ನು ಯಾರು ಓದುತ್ತಾರೆ ಎಂಬುದು ಅವನ ಚಿಂತೆ. ಜನರು ಕಾಗದಗಳನ್ನು ನನ್ನಿಂದ ಮರಳಿ ತೆಗೆದುಕೊಳ್ಳಲು ಒಪ್ಪಲಿಲ್ಲ. ದಂಡದ ಭಯ. ಕಡೆಗೆ ಯಲ್ಲಪ್ಪನೇ ಎಲ್ಲವನ್ನೂ ರುಮಾಲಿನಲ್ಲಿ ಕಟ್ಟಿ ಖಾನಾಪುರಕ್ಕೆ ಒಯ್ದ.

ಬೀಗರ ಮನೆ

ತಂಗಿ ಬಾಗಿಲಲ್ಲೇ ನಿಂತಿದ್ದಳು, ಮೊದಲನೆಯ ಮಗು ಅವಳ ಸೆರಗು ಹಿಡಿದುಕೊಂಡಿತ್ತು. ಹೊಟ್ಟೆ ಮುಂದೆ ಬಂದು, ಮುಖ ದುಂಡಗಾಗಿ, ನಮ್ಮ ತಾಯಿಯಂತೆಯೇ ಕಂಡಳು. ಮಾತು ಮಾತ್ರ ನಮ್ಮ ಮನೆಯದಾಗಿರಲಿಲ್ಲ. "ಅಣ್ಣಾ, ಲಗೂನ ಕಾಲ ತೊಳಕೋ, ಹೊತ್ತ ಮುಳಗತೈತಿ, ಊಟಕ್ಕ ಕುಂದರು" ಎಂದಳು. ಹಾಸನದಲ್ಲಿ ಬೆಳೆದ ಹುಡುಗಿಯ ಬಾಯಲ್ಲಿ ಇದನ್ನು ಕೇಳಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಜೈನರಾದ ನಾವೂ ಹೊತ್ತಿರುವಾಗಲೇ ಊಟ ಮಾಡುವವರು. ಆದರೆ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೂ ಯಾರಾದರೊಬ್ಬರ ಕೈ ಎಲೆಯ ಮೇಲೆ ಇರುವುದುಂಟು. ತಂಗಿಯ ಮಾವ ಪಾಯಪ್ಪನವರ ಮನೆಯಲ್ಲಿ ಆ ಮಾತೇ ಇಲ್ಲ. ಅವರು ಅಂಗಳದಲ್ಲಿ ನಿಂತು ಪಡುವಣದ ಕಡೆ ನೋಡುತ್ತಾರೆ. ಸೂರ್ಯ ಗಿಡಗಳ ತುದಿಗೆ ಇಳಿದರೆ ಒಳಗಿರುವವರೆಲ್ಲ ಬೇಗ ಬೇಗ ನುಂಗಬೇಕು. ನಾನು ಮೊದಲ ದಿನ ಹಸಿದೇ ಎದ್ದೆ. ಎರಡನೆಯ ದಿನದಿಂದ ಅವರ ಕಣ್ಣನ್ನೇ ನೋಡುತ್ತ ಉಣ್ಣುವುದನ್ನು ಕಲಿತೆ.

ಕಾಫಿಯ ಕತೆಯನ್ನೂ ಹೇಳಬೇಕು. ಪದ್ಮಾವತಿಯ ಅತ್ತೆ ನನ್ನ ಮೇಲಿನ ಪ್ರೀತಿಗೆ ತಾವೇ ಮಾಡುತ್ತೇನೆಂದು ಹೊರಟು, ಪುಡಿ, ಹಾಲು, ಬೆಲ್ಲ, ಶುಂಠಿ ಎಲ್ಲ ಒಂದೇ ಪಾತ್ರೆಗೆ ಹಾಕಿ ಬಹಳ ಹೊತ್ತು ಕುದಿಸಿ ತಂದರು. ನಾನು ಎರಡು ಲೋಟ ಕುಡಿದೆ. ಬೀಗರ ಮುಂದೆ ಬೇರೆ ದಾರಿ ಇರಲಿಲ್ಲ.

ದೋಣಿಯ ನಿಯಮ ಪಾಯಪ್ಪನವರಿಗೆ ಮೆಚ್ಚಿಗೆಯಾಗಿದೆ ಎಂದು ತವನಪ್ಪ ಊಹಿಸಿದ್ದು ಸರಿಯಾಗಿತ್ತು. ಹೊತ್ತು ಮುಳುಗಿದ ಮೇಲೆ ಊಟವೇ ಬೇಡ ಎನ್ನುವಾಗ ದೋಣಿ ಯಾಕೆ ಬೇಕು, ಮನುಷ್ಯ ಮನೆಯಲ್ಲಿ ಕೂತು ಧರ್ಮದ ಮಾತು ಆಡಬೇಕು, ಹೊಳೆ ದಾಟಿ ಇಸ್ಪೀಟಾಡಲು ಹೋಗುವುದು ಇದರಿಂದ ನಿಲ್ಲುತ್ತದೆ ಎಂದರು. ಹಾಗಾದರೆ ತಾವು ತಕರಾರು ಕೊಟ್ಟಿಲ್ಲ ಎಂದಾಯಿತು ಎಂದೆ. ಅವರು ಸ್ವಲ್ಪ ನಾಚಿಕೊಂಡರು. ಕೊಟ್ಟಿದ್ದರು. ಮೊದಲ ತಂಡದಲ್ಲಿಯೇ ಹೋಗಿ ಕೊಟ್ಟಿದ್ದರು. ಮನೆಯವರೆಗೆ ದಂಡ ಬರುವುದು ಅವರಿಗೆ ಬೇಕಿರಲಿಲ್ಲ.

ಮಾರನೆಯ ಬೆಳಿಗ್ಗೆ ನೀಲವ್ವ ಬಂದಳು. ಗಟ್ಟಿ ಮೈಯ, ಎತ್ತರದ ದನಿಯ ಹೆಂಗಸು. ಪದ್ಮಾವತಿಯನ್ನು ಒಳಗೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿ, ಎಲ್ಲ ಸರಿ ಇದೆ, ಆದರೆ ಬೇನೆ ಶುರುವಾದ ಮೇಲೆ ತಡ ಮಾಡದೆ ತನಗೆ ಹೇಳಿ ಕಳಿಸಬೇಕು ಎಂದು ಅತ್ತೆಗೆ ಎಚ್ಚರ ಹೇಳಿದಳು. ಆಮೇಲೆ ಜಗಲಿಗೆ ಬಂದು ಅಂಟಿನುಂಡೆ ತಿನ್ನುತ್ತ ಕೂತಳು. ಸುತ್ತಿನ ಊರುಗಳಲ್ಲೆಲ್ಲ ತಕರಾರು ಕೊಡದೆ ಉಳಿದವಳು ಅವಳೊಬ್ಬಳೇ. ಡಂಗುರ ಸಾರಿದ ಸಂಜೆ ಬೀಡಿ ಎಂಬ ಊರಿನ ಕಡೆ ಒಂದು ಹೆರಿಗೆಗೆ ಹೋಗಿದ್ದಳು, ಏನೂ ಕೇಳಿರಲಿಲ್ಲ. ಯಾರೋ ಹೇಳಿದಾಗ, ಅದು ಗಂಡಸರ ಕೆಲಸ, ದಂಡ ಹಾಕಿದರೆ ಹಾಕಲಿ ಎಂದು ಬಿಟ್ಟಿದ್ದಳು. ನಿಯಮ ಏನೆಂದು ತವನಪ್ಪ ಬಿಡಿಸಿ ಹೇಳಿದ ಮೇಲೆ ಉಂಡೆಯನ್ನು ಕೆಳಗಿಟ್ಟಳು. ಅವನು ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತಿ, ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಾನೇ ಹೋಗಿ ಕೊಡುತ್ತೇನೆ ಎಂದಳು.

ಅಷ್ಟರಲ್ಲಿ ಕುಲಕರ್ಣಿ ಓಡಿ ಬಂದ. ಮಾಮ್ಲೇದಾರರು ಕೆಂಡವಾಗಿದ್ದಾರಂತೆ. ಒಂದು ಸಣ್ಣ ನಿಯಮಕ್ಕೆ ಒಂದು ಗಂಟು ತಕರಾರು, ಅದೂ ಎಲ್ಲ ಒಂದೇ ಅಕ್ಷರದಲ್ಲಿ ಬಂದರೆ ಏನು ತಿಳಿಯಬೇಕು? ಅಸಹಕಾರದ ಗಾಳಿ ಬೀಸುತ್ತಿದ್ದ ಕಾಲ. ಯಾರೋ ಹೊರಗಿನವರು ಬಂದು ಜನರನ್ನು ಎತ್ತಿ ಕಟ್ಟಿದ್ದಾರೆ, ಇವನ್ನೆಲ್ಲ ತಳ್ಳಿಹಾಕಬೇಕು ಎಂದು ಅವರ ಮನಸ್ಸು. ಎಲ್ಲರೂ ಮರುದಿನ ಕಚೇರಿಗೆ ಬರಬೇಕು. ಅದರ ಜೊತೆಗೆ, ಹೊಳೆಯ ದಂಡೆಯಲ್ಲಿ ನಿಂತು ಕಾಗದ ಕೂಡಿಸುತ್ತಿದ್ದ ಜರಿ ಪೇಟದ ಪರಸ್ಥಳದವನನ್ನೂ ಕರೆತರಬೇಕು.

ಎಲ್ಲರೂ ನನ್ನನ್ನು ನೋಡಿದರು. ಆ ಹೊತ್ತಿನಲ್ಲಿ ನನಗೆ ಹಾಸನ ಬಹಳ ದೂರದ ಊರು ಎನಿಸಿತು. ಸಂಜೆಯ ರೈಲು ಹಿಡಿದರೆ ಹೇಗೆ ಎಂದು ಮೆಲ್ಲಗೆ ಕೇಳಿದೆ. ಓಡಿಹೋದರೆ ಖಂಡಿತ ಕಳ್ಳರಾಗುತ್ತೀರಿ, ಪೇಟ ಸುತ್ತಿಕೊಂಡು ನನ್ನ ಬಾಜು ನಿಲ್ಲಿರಿ ಎಂದರು ಪಾಯಪ್ಪನವರು. ಆದರೆ ನನ್ನ ಭಯಕ್ಕಿಂತ ತವನಪ್ಪನ ಮುಖ ನೋಡುವುದು ಕಷ್ಟವಾಗಿತ್ತು. ರಾಶಿಯನ್ನೇ ತಳ್ಳಿಹಾಕಿದರೆ ನೀಲವ್ವನ ಕಾಗದವೂ ಅದರ ಜೊತೆಗೆ ಹೋಗುತ್ತದೆ, ದೀಪಾವಳಿ ಬರುತ್ತದೆ, ಹೊತ್ತು ಮುಳುಗಿದ ಮೇಲೆ ಹೊಳೆ ದಾಟುವ ದಾರಿ ಇರುವುದಿಲ್ಲ. ಒಳಗೆ ಪದ್ಮಾವತಿ ಏನೂ ತಿಳಿಯದವಳಂತೆ ರೊಟ್ಟಿ ಬಡಿಯುತ್ತಿದ್ದಳು. ಆದರೆ ಬಡಿಯುವ ಸದ್ದು ಆಗಾಗ ನಿಲ್ಲುತ್ತಿತ್ತು.

ಖಾನಾಪುರದ ಕಚೇರಿ

ಮಾಮ್ಲೇದಾರರು ಕನ್ನಡಕದ, ತೆಳ್ಳಗಿನ ಮನುಷ್ಯರು. ಮನೆಮಾತು ಮರಾಠಿ, ಸಿಟ್ಟು ಮರಾಠಿಯಲ್ಲಿ ಬರುತ್ತಿತ್ತು, ವಿಚಾರಣೆ ಕನ್ನಡದಲ್ಲಿ ನಡೆಯುತ್ತಿತ್ತು. ಅಂಗಳ ತುಂಬ ಜನ. ಮೊದಲು ನನ್ನನ್ನೇ ಕರೆದು ಯಾರು, ಯಾವ ಊರು, ಯಾವ ಸಭೆಗೆ ಸೇರಿದವನು ಎಂದು ಕೇಳಿದರು. ತಂಗಿಗೆ ಅಂಟಿನುಂಡೆ ತಂದವನು ಎಂದೆ. ನಂಬಲಿಲ್ಲ. ತವನಪ್ಪ ಡಬ್ಬಿಯಲ್ಲಿ ಉಳಿದಿದ್ದ ಉಂಡೆಗಳನ್ನು ತೆಗೆದು ಮೇಜಿನ ಮೇಲೆ ಇಟ್ಟ. ಮಾಮ್ಲೇದಾರರು ಅವನ್ನು ಸಾಕ್ಷಿಯಂತೆ ಬಹಳ ಹೊತ್ತು ನೋಡಿದರು, ಮುಟ್ಟಲಿಲ್ಲ.

ಆಮೇಲೆ ಊರವರನ್ನು ಒಬ್ಬೊಬ್ಬರಾಗಿ ಕರೆದರು. ನಿನ್ನ ತಕರಾರು ಏನು? ಏನಿಲ್ಲ ಸಾಹೇಬರೇ. ನಿಯಮ ಬೇಡವೇ? ಬೇಕು ಸಾಹೇಬರೇ, ಬಹಳ ಚಲೋ ನಿಯಮ. ಮತ್ತೆ ತಕರಾರು ಯಾಕೆ ಕೊಟ್ಟೆ? ನೀವು ಕೇಳಿದಿರಿ, ಕೊಟ್ಟೆ. ಹೀಗೆ ಒಂದೇ ಪಾಠ ಎಲ್ಲರದೂ. ಮಾಮ್ಲೇದಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಡೆಗೆ ಯಲ್ಲಪ್ಪನ ಸರದಿ ಬಂತು. ಅವನು ತಾನು ಸಾರಿದ ಡಂಗುರವನ್ನು ಇದ್ದಹಾಗೇ ಕೂಗಿ ತೋರಿಸಿದ, ಕೊನೆಯ ಮಾತನ್ನೂ ಬಿಡಲಿಲ್ಲ. ಹಲಗೆ ಇಲ್ಲದ್ದಕ್ಕೆ ಬಾಗಿಲ ಮೇಲೆ ಮೂರು ಪೆಟ್ಟು ಹಾಕಿದ.

ಮಾಮ್ಲೇದಾರರು ಮೊದಲು ಬಾಯಿ ಬಿಗಿಹಿಡಿದರು, ಆಮೇಲೆ ತಡೆಯಲಾರದೆ ನಕ್ಕರು. ಕಾರಕೂನರೂ ನಕ್ಕರು. ತಕರಾರು ಕೊಡದವರಿಗೆ ದಂಡ ಇಲ್ಲ, ಕೊಟ್ಟವರಿಗೂ ಇಲ್ಲ, ಬೇಡವಾದವರು ತಮ್ಮ ಕಾಗದ ಮರಳಿ ಒಯ್ಯಬಹುದು ಎಂದು ಅವರೇ ಎದ್ದು ನಿಂತು ಹೇಳಿದರು. ಜನ ಸಂತೆಗೆ ನುಗ್ಗಿದಂತೆ ಮೇಜಿಗೆ ನುಗ್ಗಿ ಕಾಗದ ಎತ್ತಿಕೊಂಡರು. ಪಾಯಪ್ಪನವರೂ ತಮ್ಮದನ್ನು ಹುಡುಕಿ ಜೇಬಿಗೆ ಹಾಕಿಕೊಂಡರು. ರಾಶಿ ಕರಗಿ ಮೇಜು ಖಾಲಿಯಾಯಿತು. ನನಗೆ ಉಸಿರು ಬಂತು. ಆ ಸಂತೋಷದಲ್ಲಿ ನಾವು ಬಂದ ಕಾರಣವನ್ನೇ ಒಂದು ಗಳಿಗೆ ಮರೆತಿದ್ದೆ.

ನೀಲವ್ವ ಮುಂದೆ ಬಂದು ಸೊಂಟದಿಂದ ಕಾಗದ ತೆಗೆದು ಖಾಲಿ ಮೇಜಿನ ಮೇಲೆ ಇಟ್ಟಳು. ದಂಡ ಇಲ್ಲ ಎಂದು ಹೇಳಲಿಲ್ಲವೇ, ತೆಗೆದುಕೊಂಡು ಹೋಗು ಎಂದರು ಮಾಮ್ಲೇದಾರರು. ಅವಳು ತೆಗೆದುಕೊಳ್ಳಲಿಲ್ಲ. ಅವರು ಓದಿದರು. ಓದಿ, ಅವಳು ಹೇಳುವುದು ಸುಳ್ಳಲ್ಲ, ಆದರೆ ಇಷ್ಟು ಊರಿನ ಜನ ತಕರಾರು ಇಲ್ಲ ಎಂದು ಈಗ ತಾನೇ ತಮ್ಮ ಮುಂದೆ ಹೇಳಿ ಹೋಗಿದ್ದಾರೆ, ಒಬ್ಬಳ ತಕರಾರಿಗೆ ಮೇಲಿನವರು ಏನು ಬೆಲೆ ಕೊಡುತ್ತಾರೆ ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದರಿಂದಲೇ ನನಗೆ ಇನ್ನು ಆಸೆ ಇಲ್ಲ ಎನಿಸಿತು. ತವನಪ್ಪ ನನ್ನ ತೋಳು ಹಿಡಿದುಕೊಂಡ.

ನೀಲವ್ವ ಸೆರಗು ಸರಿ ಮಾಡಿಕೊಂಡಳು.

"ತಕರಾರ ನಂದಲ್ರಿ ಸಾಹೇಬ್ರ. ನನಗೇನು, ಹೊತ್ತ ಮುಳಗಿದ ಮ್ಯಾಲ ಮನ್ಯಾಗ ಕಾಲ ಚಾಚಿ ಮಲಗಿದ್ರ ಸುಖಾನ ಐತಿ. ಇನ್ನೂ ಹುಟ್ಟಬೇಕಾದವರು ಅದಾರಲ್ರಿ, ತಕರಾರ ಅವರದು. ಅವರಿಗೆ ಯಲ್ಲಪ್ಪನ ಡಂಗುರ ಕೇಳಿಲ್ಲ. ತಿಂಗಳ ಕೊನೀಗೆ ಇಲ್ಲಿ ಬಂದು ಹೇಳಾಕೂ ಆಗೂದಿಲ್ಲ. ಅದಕ್ಕ ನಾ ಬಂದೀನಿ."

ಕಾರಕೂನ ಲೇಖನಿ ಹಿಡಿದು, ಅರ್ಜಿದಾರರು ಯಾರೆಂದು ದಾಖಲು ಮಾಡಲಿ ಎಂದು ಕೇಳಿದ. ಮಾಮ್ಲೇದಾರರು ಸ್ವಲ್ಪ ಯೋಚಿಸಿದರು.

"ಹುಟ್ಟಬೇಕಾದವರ ಪರವಾಗಿ ನೀಲವ್ವ ಅಂತ ಬರಿ" ಎಂದರು.

ಆಗ ಪಾಯಪ್ಪನವರು ಮೆಲ್ಲಗೆ ಎದ್ದು ಮೇಜಿನ ಹತ್ತಿರ ಹೋದರು. ಜೇಬಿನಿಂದ ಕಾಗದ ತೆಗೆದು, ಅಂಗೈಯಿಂದ ಅದರ ಮಡಿಕೆ ತಿದ್ದಿ, ನೀಲವ್ವನ ಕಾಗದದ ಮೇಲೆ ಇಟ್ಟರು. "ಹೊತ್ತ ಮುಳಗಿದ ಮ್ಯಾಲ ನಾವು ಉಣ್ಣೂದಿಲ್ಲ, ಖರೇ. ಹುಟ್ಟೂದು ನಮ್ಮ ಕೈಯಾಗಿಲ್ಲ. ನಂದೂ ಇರಲಿ ಸಾಹೇಬ್ರ, ಈ ಸಲ ಖರೇನ ತಕರಾರ ಐತಿ" ಎಂದರು. ತಮ್ಮ ಸೊಸೆಯ ಹೆಸರು ಎತ್ತಲಿಲ್ಲ. ಆ ಮನುಷ್ಯನನ್ನು ಊಟಕ್ಕೆ ಅವಸರ ಮಾಡುವ ಮುದುಕ ಎಂದಷ್ಟೇ ತಿಳಿದಿದ್ದ ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಉಳಿದವರೂ ಒಬ್ಬರನ್ನೊಬ್ಬರು ನೋಡಿದರು. ಒಯ್ದ ಕಾಗದ ಮತ್ತೆ ಕೊಟ್ಟರೆ ದಂಡ ಇದೆಯೇ ಎಂದು ಒಬ್ಬಾತ ಕಾರಕೂನನನ್ನು ಕೇಳಿದ. ಇಲ್ಲ ಎಂದ ಮೇಲೆ ಬಾಗಿಲಿಂದ ಮೇಜಿನವರೆಗೆ ಮತ್ತೆ ಸಾಲು ನಿಂತಿತು. ಈ ಸಲ ಮಾಮ್ಲೇದಾರರು ಪ್ರತಿಯೊಬ್ಬನನ್ನೂ ನಿನ್ನ ತಕರಾರು ಏನು ಎಂದು ಕೇಳಿದರು, ಪ್ರತಿಯೊಬ್ಬನೂ ಏನಾದರೊಂದು ಹೇಳಿದ. ಒಬ್ಬನ ಮಗಳು, ಒಬ್ಬನ ಸೊಸೆ, ಒಬ್ಬನ ಹೆಂಡತಿ.

ಹಿಂದಿರುಗುವಾಗ ದೋಣಿಯಲ್ಲಿ ಎಲ್ಲರೂ ಬಹಳ ಖುಷಿಯಲ್ಲಿದ್ದರು. ಪಾಯಪ್ಪನವರು ಮಾತ್ರ ಸೂರ್ಯನನ್ನು ನೋಡುತ್ತ ಅಂಬಿಗನನ್ನು ಅವಸರ ಮಾಡುತ್ತಿದ್ದರು.

ಹಾಸನ

ನಾನು ಊರಿಗೆ ಬಂದು, ನಮ್ಮ ತಾಯಿಗೆ ಎಲ್ಲವನ್ನೂ ಎರಡೆರಡು ಸಲ ಹೇಳಿ ಮುಗಿಸುವ ಹೊತ್ತಿಗೆ ದೀಪಾವಳಿ ಬಂತು. ನಿಯಮವೂ ಬಂತು. ಸೂರ್ಯ ಮುಳುಗಿದ ಮೇಲೆ ದೋಣಿ ನಡೆಯತಕ್ಕದ್ದಲ್ಲ, ಆದರೆ ಸೂಲಗಿತ್ತಿ, ವೈದ್ಯರು, ರೋಗಿಗಳು ಇವರ ಸಲುವಾಗಿ ಕಂದೀಲು ಹಚ್ಚಿಕೊಂಡು ನಡೆಯಬಹುದು ಎಂದು ಅದರಲ್ಲಿ ಹೊಸದಾಗಿ ಸೇರಿಸಿತ್ತು ಎಂದು ತವನಪ್ಪ ಬರೆದ.

ಅದಾದ ಮೇಲೆ ಇನ್ನೊಂದು ಕಾಗದ. ಪದ್ಮಾವತಿಗೆ ಬೇನೆ ಬಂದದ್ದು ಮನೆಯವರೆಲ್ಲ ಉಂಡು ಕೈತೊಳೆದ ಮೇಲೆ. ಪಾಯಪ್ಪನವರೇ ಕಂದೀಲು ಹಿಡಿದು ದೋಣಿಯಲ್ಲಿ ಹೋಗಿ ನೀಲವ್ವನನ್ನು ಕರೆತಂದರು. ಈ ಸಲವೂ ಕಷ್ಟವೇ ಆಯಿತು. ಕೂಸು ಅಡ್ಡ ತಿರುಗಿತ್ತು, ಬೆಳಗಿನವರೆಗೆ ಕಾದಿದ್ದರೆ ಉಳಿಯುತ್ತಿರಲಿಲ್ಲ ಎಂದು ನೀಲವ್ವ ಹೇಳಿದಳಂತೆ. ಈಗ ತಾಯಿ, ಮಗಳು ಇಬ್ಬರೂ ಸುಖವಾಗಿದ್ದಾರೆ. ನಮ್ಮ ತಾಯಿ ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡರು, ಓದಲು ಬಾರದಿದ್ದರೂ ಎದೆಗೆ ಒತ್ತಿಕೊಂಡು ಕೂತರು.

ಕೂಸಿಗೆ ಒಳ್ಳೆಯ ದಿನ ನೋಡಿ ಚಂದನಾ ಎಂದು ಹೆಸರಿಟ್ಟರು. ಆದರೆ ಆ ಹೆಸರಿನಿಂದ ಅವಳನ್ನು ಊರಲ್ಲಿ ಯಾರೂ ಕರೆಯುವುದಿಲ್ಲವಂತೆ. ಹುಟ್ಟುವ ಮೊದಲೇ ಸರಕಾರಕ್ಕೆ ತಕರಾರು ಕೊಟ್ಟು ಗೆದ್ದವಳು ಎಂದು ಅಜ್ಜ ಅವಳನ್ನು ತಕರಾರವ್ವ ಎನ್ನುತ್ತಾರೆ, ಹೊತ್ತು ಮುಳುಗಿದ ಮೇಲೆ ಅವಳು ಹಾಲಿಗೆ ಅತ್ತರೆ ಆ ಮನೆಯಲ್ಲಿ ಯಾರೂ ಬೇಡ ಎನ್ನುವುದಿಲ್ಲ.